ಎರೆ ಮಣ್ಣಿನಿಂದ ಹಿಮದವರೆಗೆ: ಗಾಲಿಯ ಹಿಡಿತದ ಚರಿತ್ರೆ

ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಹಿಮ ಬಿದ್ದುದನ್ನು ಕಂಡವರು ಯಾರೂ ಇಲ್ಲ. ಮುಂಗಾರಿಗೆ ಮುನ್ನ ಎಂದಾದರೊಮ್ಮೆ ಆಲಿಕಲ್ಲು ಬಿದ್ದರೆ ಮಕ್ಕಳು ಅಂಗಳಕ್ಕೆ ಓಡಿ ಆಯ್ದುಕೊಳ್ಳುತ್ತಾರೆ, ಅಷ್ಟರಲ್ಲಿ ಅದು ಕರಗಿಹೋಗುತ್ತದೆ. ಹೀಗಿದ್ದೂ ಹಿಮದಲ್ಲಿ ಕಾರು ಓಡಿಸುವ ವಿಷಯವನ್ನು ನಾನು ಇಲ್ಲಿ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳ ಮಕ್ಕಳಲ್ಲಿಯೂ ಅನೇಕರು ಇಂದು ಮಿನ್ನೆಸೋಟ, ಮಿಷಿಗನ್, ಟೊರಾಂಟೊ, ಮ್ಯೂನಿಕ್ ಮುಂತಾದ ಕಡೆ ನೆಲೆಸಿದ್ದಾರೆ. ಇಲ್ಲಿಯೇ ಇರುವವರೂ ರಜೆ ಸಿಕ್ಕಿದರೆ ಮನಾಲಿಗೆ, ಕಾಶ್ಮೀರಕ್ಕೆ ಸ್ವಂತ ಕಾರಿನಲ್ಲಿಯೇ ಹೊರಟುಬಿಡುತ್ತಾರೆ. ಡಿಸೆಂಬರ್ ತಿಂಗಳು ಬಂದಿತೆಂದರೆ ಅವರ ತಾಯ್ತಂದೆಯರ ಮಾತಿನಲ್ಲಿ ಒಂದು ಚಿಂತೆ ಸೇರಿಕೊಳ್ಳುತ್ತದೆ: "ಅಲ್ಲಿ ಹಿಮ ಬೀಳಾಕತ್ತೈತಂತ್ರಿ ಸರ್, ಹುಡುಗ ದಿನಾ ಕಾರಿನಾಗ ಕೆಲಸಕ್ಕ ಹೋಗ್ತಾನ."

ಆ ಹುಡುಗರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. ಸಾಧಾರಣ ಕಾರು ಹಿಮಕ್ಕೆ ಸಾಕೇ, ಅಥವಾ ಸಾಲ ಮಾಡಿಯಾದರೂ ನಾಲ್ಕು ಗಾಲಿಗೂ ಶಕ್ತಿ ಹರಿಯುವ ದೊಡ್ಡ ಗಾಡಿಯನ್ನು ಕೊಳ್ಳಬೇಕೇ? ನಾನು ಇಂಜಿನಿಯರ್ ಅಲ್ಲ, ಚರಿತ್ರೆಯನ್ನು ಪಾಠ ಹೇಳಿದವನು. ಆದ್ದರಿಂದ ಉತ್ತರವನ್ನು ಚರಿತ್ರೆಯಲ್ಲಿಯೇ ಹುಡುಕುತ್ತೇನೆ. ಗಾಲಿ ನೆಲವನ್ನು ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಕಾರಿನೊಂದಿಗೆ ಹುಟ್ಟಿದ್ದಲ್ಲ. ನಮ್ಮ ಎರೆ ಹೊಲಗಳ ಬಂಡಿ ದಾರಿಗಳಲ್ಲಿ ನಮ್ಮ ಹಿರಿಯರು ಅದನ್ನು ನೂರಾರು ವರ್ಷಗಳ ಕಾಲ ಎದುರಿಸಿದ್ದರು.

ನಮ್ಮ ನೆಲದ ಗುಣವನ್ನು ಮೊದಲು ನೆನೆಯೋಣ. ಕೂಡ್ಲಿಗಿಯ ಕಡೆ ಕೆಂಪು ಮಸಾರಿ ಹೆಚ್ಚು. ಮಳೆ ಬಿದ್ದರೂ ನೀರು ಇಂಗಿ ಬೇಗನೆ ಕಾಲಿಗೆ ಗಟ್ಟಿ ನೆಲ ಸಿಗುತ್ತದೆ. ಹಡಗಲಿಯ ಕಡೆ ತುಂಗಭದ್ರೆಯತ್ತ ಇಳಿದಂತೆ ಎರೆ ಭೂಮಿ ಸಿಗುತ್ತದೆ. ಎರೆ ಮಣ್ಣಿನಲ್ಲಿರುವ ಅತಿ ಸೂಕ್ಷ್ಮವಾದ ಜೇಡಿಯ ಪದರಗಳು ನೀರನ್ನು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಹೊಲವೇ ಮಳೆಗಾಲದಲ್ಲಿ ಬೆಣ್ಣೆಯಂತಾಗುವುದು ಈ ಗುಣದಿಂದಲೇ. ಹಸಿ ಎರೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ಬಂಡಿಯ ಗಾಲಿಗೂ ಅದೇ ಗತಿ. ಕಬ್ಬಿಣದ ಹಳಿಯ ಸುತ್ತ ಮಣ್ಣು ಸುತ್ತಿಕೊಂಡು ಗಾಲಿ ದಪ್ಪನಾಗಿ ಉರುಳುವುದನ್ನೇ ಬಿಟ್ಟು ಜಾರತೊಡಗುತ್ತದೆ. ಹಿಮದ ನಾಡಿನವರಿಗೆ ಜನವರಿ ಹೇಗೋ ನಮ್ಮ ಎರೆ ಸೀಮೆಗೆ ಮಳೆಗಾಲ ಹಾಗೆ ಎಂದರೆ ತಪ್ಪಾಗಲಾರದು.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಮೊದಲ ಪರಿಹಾರ ಯಾವುದೆಂದು ಯೋಚಿಸಿದ್ದೀರಾ? ಪ್ರಯಾಣವನ್ನೇ ಮುಂದೂಡುವುದು! ಸೀಮೋಲ್ಲಂಘನವೆಂಬುದು ವಿಜಯದಶಮಿಗೆ ಬಂದದ್ದು ಧರ್ಮದ ಕಾರಣವೊಂದರಿಂದಲೇ ಅಲ್ಲ. ಮಳೆ ನಿಂತು ದಾರಿ ಗಟ್ಟಿಯಾಗುವ ಕಾಲವೂ ಅದೇ. ವಿಜಯನಗರದ ಅರಸರು ಮಹಾನವಮಿಯ ಹೊತ್ತಿಗೆ ಸೈನ್ಯವನ್ನು ಕಣ್ಣಾರೆ ನೋಡಿ ಪರೀಕ್ಷಿಸುತ್ತಿದ್ದುದನ್ನು ವಿದೇಶೀ ಪ್ರವಾಸಿಗಳು ಬರೆದಿಟ್ಟಿದ್ದಾರೆ. ಜೈನ ಮುನಿಗಳೂ ಬೌದ್ಧ ಭಿಕ್ಷುಗಳೂ ಮಳೆಗಾಲದಲ್ಲಿ ಸಂಚಾರವನ್ನು ಬಿಟ್ಟು ಒಂದೆಡೆ ನಿಲ್ಲುತ್ತಿದ್ದರು. ನಮ್ಮ ಸೀಮೆಯ ದೊಡ್ಡ ಜಾತ್ರೆಗಳನ್ನೇ ನೋಡಿ. ಮೈಲಾರದ ಕಾರಣಿಕ ನಡೆಯುವುದು ಭರತ ಹುಣ್ಣಿಮೆಯ ಸಂದರ್ಭದಲ್ಲಿ. ಕೊಟ್ಟೂರಿನ ಗುರು ಬಸವೇಶ್ವರ ರಥೋತ್ಸವವೂ ಬರುವುದು ಮಾಘ ಮಾಸದಲ್ಲಿಯೇ. ಸುಗ್ಗಿ ಮುಗಿದಿರುತ್ತದೆ, ದಾರಿಗಳು ಒಣಗಿರುತ್ತವೆ, ಸಾಲುಸಾಲಾಗಿ ಬಂಡಿ ಕಟ್ಟಿಕೊಂಡು ಹೋಗಬಹುದು. ಇವು ಶ್ರಾವಣದಲ್ಲಿ ಬಂದಿದ್ದರೆ ಅರ್ಧದಷ್ಟು ಬಂಡಿಗಳು ದಾರಿಯಲ್ಲಿಯೇ ಹೂತುಹೋಗುತ್ತಿದ್ದವು.

ಎರಡನೆಯ ಪರಿಹಾರ ಅನಿವಾರ್ಯವಾಗಿ ಹೊರಟವರದು. ಬಂಡಿ ಹೂತಾಗ ತಿಳಿದ ಬಂಡಿಕಾರನು ಎತ್ತುಗಳಿಗೆ ಬಾರುಗೋಲು ಬೀಸುತ್ತಿರಲಿಲ್ಲ. ಮೊದಲು ಕೆಳಗಿಳಿದು ಹೊರೆಯನ್ನು ಕಡಿಮೆ ಮಾಡುತ್ತಿದ್ದನು, ಗಾಲಿಯ ಮುಂದಿನ ಮಣ್ಣನ್ನು ಕೆರೆದು ತೆಗೆಯುತ್ತಿದ್ದನು, ಜೋಳದ ಸೊಪ್ಪೆಯನ್ನೋ ಜಾಲಿಯ ಟೊಂಗೆಯನ್ನೋ ಗೋಣಿಚೀಲವನ್ನೋ ಗಾಲಿಯ ಕೆಳಗೆ ಹಾಸುತ್ತಿದ್ದನು. ಆಮೇಲೆ ಬಂಡಿಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೆಲ್ಲನೆ ಅಲುಗಿಸಿ, ಎತ್ತುಗಳು ಒಂದೇ ಸಮನೆ ಎಳೆಯುವಂತೆ ಹುರಿದುಂಬಿಸುತ್ತಿದ್ದನು. ಕೆನಡಾದಲ್ಲಾಗಲಿ ಜರ್ಮನಿಯಲ್ಲಾಗಲಿ ಹಿಮದಲ್ಲಿ ಸಿಕ್ಕಿದ ಕಾರಿಗೆ ಇಂದು ಹೇಳುವ ಉಪಾಯಗಳೂ ಇವೇ: ಗಾಲಿಯ ಮುಂದಿನ ಹಿಮವನ್ನು ಸಲಿಕೆಯಿಂದ ತೆಗೆಯಿರಿ, ಮರಳನ್ನೋ ಕಾರಿನೊಳಗಿನ ಕಾಲೊರಸನ್ನೋ ಹಾಸಿರಿ, ಮೆಲ್ಲಗೆ ಹಿಂದೆ ಮುಂದೆ ಅಲುಗಿಸಿ ಹೊರಬನ್ನಿ, ಆಕ್ಸಿಲರೇಟರನ್ನು ಒತ್ತಿಹಿಡಿಯಬೇಡಿ. ಒತ್ತಿಹಿಡಿದರೆ ಗಾಲಿ ನಿಂತಲ್ಲಿಯೇ ತಿರುಗಿ, ಅದರ ಬಿಸಿಗೆ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ.

ಮೂರನೆಯ ಪರಿಹಾರ ರಸ್ತೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಜಾನ್ ಲೌಡನ್ ಮ್ಯಾಕ್‌ಆಡಮ್ ಎಂಬಾತನು ಸಣ್ಣದಾಗಿ ಒಡೆದ ಜಲ್ಲಿಯನ್ನು ಪದರಪದರವಾಗಿ ಹಾಸಿ, ರಸ್ತೆಯ ನಡುವನ್ನು ತುಸು ಎತ್ತರಿಸಿ, ನೀರು ಪಕ್ಕಕ್ಕೆ ಹರಿದುಹೋಗುವಂತೆ ಮಾಡುವ ಕ್ರಮವನ್ನು ರೂಢಿಗೆ ತಂದನು. ನೀರು ನಿಲ್ಲದಿದ್ದರೆ ಮಣ್ಣು ಕೆಸರಾಗುವುದಿಲ್ಲ, ಕೆಸರಾಗದಿದ್ದರೆ ಗಾಲಿಗೆ ಹಿಡಿತ ತಪ್ಪುವುದಿಲ್ಲ. ನಮ್ಮಲ್ಲಿ ಈ ರಸ್ತೆಗಳಿಗೆ ಒತ್ತು ಬಂದದ್ದು ಹತ್ತಿಯಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಂತಾದಾಗ ಧಾರವಾಡ, ಬಳ್ಳಾರಿ ಸೀಮೆಗಳ ಹತ್ತಿಗೆ ಬೆಲೆ ಏರಿತು. ಹತ್ತಿ ಬೆಳೆಯುವುದು ಎರೆಯಲ್ಲಿ, ಬಂಡಿ ಹೂಳುವುದೂ ಎರೆಯಲ್ಲಿಯೇ! ಕಾರವಾರ ಬಂದರಿಗೆ ಹತ್ತಿಯನ್ನು ಸಾಗಿಸುವ ದಾರಿಗಳ ಬಗ್ಗೆ ಆಗ ಆಳುವವರು ತಲೆ ಕೆಡಿಸಿಕೊಂಡುದರ ಮರ್ಮ ಇಷ್ಟೆ. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಬಳ್ಳಾರಿ ಜಿಲ್ಲೆ ತೀವ್ರವಾಗಿ ನರಳಿತು. ಅಂದಿನ ಪರಿಹಾರ ಕಾಮಗಾರಿಗಳಲ್ಲಿ ರಸ್ತೆಗೆ ಜಲ್ಲಿ ಒಡೆಯುವುದು ಮುಖ್ಯವಾದದ್ದು. ಹಸಿದ ಜನರು ಒಡೆದ ಕಲ್ಲಿನ ಮೇಲೆ ಆಮೇಲಿನವರ ಬಂಡಿಗಳು ಹೂಳದೆ ಸಾಗಿದವೆಂಬುದನ್ನು ನಾವು ಮರೆಯಬಾರದು.

ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ರೈಲು ಬಂದಿತು. ರೈಲಿನ ಗಾಲಿಯೂ ಕಬ್ಬಿಣ, ಹಳಿಯೂ ಕಬ್ಬಿಣ. ಮಂಜು ಬಿದ್ದ ಮುಂಜಾನೆ ಅಥವಾ ತುಂತುರು ಮಳೆಯಲ್ಲಿ ಇವೆರಡರ ನಡುವೆ ಹಿಡಿತವೇ ಸಿಗದೆ ಗಾಲಿ ನಿಂತಲ್ಲಿಯೇ ತಿರುಗುವುದುಂಟು. ಅದಕ್ಕಾಗಿ ಉಗಿಬಂಡಿಗಳಲ್ಲಿ ಒಣ ಮರಳಿನ ಪೆಟ್ಟಿಗೆಯೊಂದನ್ನು ಇಟ್ಟಿರುತ್ತಿದ್ದರು. ಚಾಲಕನು ಕೊಳವೆಯ ಮೂಲಕ ಗಾಲಿಯ ಮುಂದೆ ಹಳಿಯ ಮೇಲೆ ಮರಳನ್ನು ಉದುರಿಸುತ್ತಿದ್ದನು. ಸಾವಿರಾರು ಮಣ ತೂಕದ ರೈಲನ್ನು ಮುಂದಕ್ಕೆ ಕದಲಿಸಲು ಹಿಡಿ ಮರಳು ಬೇಕಾಗುತ್ತಿತ್ತು. ಇಂದಿನ ರೈಲು ಇಂಜಿನ್‌ಗಳಲ್ಲಿಯೂ ಈ ಮರಳಿನ ಏರ್ಪಾಡು ಇದೆ.

ಈಗ ರಬ್ಬರಿನ ಕಥೆ. ರಬ್ಬರು ಮೊದಲು ಬಿಸಿಲಿಗೆ ಅಂಟಾಗಿ ಚಳಿಗೆ ಕಲ್ಲಾಗುತ್ತಿದ್ದ ವಸ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕವನ್ನು ಸೇರಿಸಿ ಕಾಯಿಸಿದರೆ ಅದು ಹದವಾಗಿ ನಿಲ್ಲುವುದೆಂದು ಕಂಡುಕೊಂಡನು. 1845ರಲ್ಲಿ ರಾಬರ್ಟ್ ಥಾಮ್ಸನ್ ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಮಾಡಿದಾಗ ಲೋಕ ಅದನ್ನು ಒಪ್ಪಿಕೊಂಡಿತು. ಭಾರತದಲ್ಲಿ ಬಂಗಾಳದ ಸಾಹಾಗಂಜ್‌ನಲ್ಲಿ 1936ರಲ್ಲಿ ಡನ್ಲಪ್ ಕಂಪನಿಯ ಕಾರ್ಖಾನೆ ಪ್ರಾರಂಭವಾಯಿತು. ನಮ್ಮ ಕಡೆ ರಬ್ಬರ್ ಗಾಲಿಯ ಬಂಡಿಗೆ ಟಯರ್ ಬಂಡಿ, ಡನ್ಲಪ್ ಗಾಡಿ ಎಂಬ ಹೆಸರುಗಳು ಬಂದವು. ಕಬ್ಬಿಣದ ಹಳಿ ನೆಲವನ್ನು ಕೊರೆಯುತ್ತಿತ್ತು. ಅಗಲವಾದ ರಬ್ಬರು ನೆಲವನ್ನು ಒತ್ತಿ, ಅದರ ಏರುತಗ್ಗುಗಳಿಗೆ ತಾನು ಬಾಗಿ ಹಿಡಿಯುತ್ತದೆ. ಹಿಡಿತದ ಗುಟ್ಟು ಇದರಲ್ಲಿದೆ. ರಬ್ಬರು ಮೃದುವಾಗಿರುವವರೆಗೆ ಮಾತ್ರ ಅದು ಹಿಡಿಯುತ್ತದೆ.

ಹಿಮದ ನಾಡಿನಲ್ಲಿ ತೊಂದರೆಯಾಗುವುದು ಇಲ್ಲಿಯೇ. ಬೇಸಗೆಗೆಂದು ಮಾಡಿದ ಟಯರಿನ ರಬ್ಬರು ತಾಪಮಾನ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಬಿರುಸಾಗತೊಡಗುತ್ತದೆ. ಹಿಮ ಬೀಳದಿದ್ದರೂ ಅದರ ಹಿಡಿತ ಕುಗ್ಗುತ್ತದೆ. ಜೊತೆಗೆ ಮಂಜುಗಡ್ಡೆಯ ಮೇಲ್ಮೈಯಲ್ಲಿ ನೀರಿನಂಥ ಬಹು ತೆಳುವಾದ ಪದರವೊಂದಿರುತ್ತದೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1850ರಲ್ಲಿಯೇ ಇದನ್ನು ಊಹಿಸಿದ್ದನು. ಕೊರೆಯುವ ಚಳಿಗಿಂತ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಕರಗುತ್ತಿರುವ ಮಂಜುಗಡ್ಡೆಯ ಮೇಲೆಯೇ ಜಾರುವುದು ಹೆಚ್ಚು. "ಇವತ್ತು ಚಳಿ ಕಡಿಮೆ, ಚಿಂತೆಯಿಲ್ಲ" ಎಂದುಕೊಳ್ಳುವ ದಿನವೇ ಎಚ್ಚರ ಹೆಚ್ಚಿರಬೇಕು. ನಮ್ಮಲ್ಲಿಯೂ ಡಾಂಬರು ರಸ್ತೆ ಬಹಳ ಜಾರುವುದು ಜಡಿಮಳೆಯಲ್ಲಲ್ಲ, ಧೂಳೂ ಎಣ್ಣೆಯೂ ಕಲಸಿಕೊಳ್ಳುವ ಮೊದಲ ತುಂತುರಿನಲ್ಲಿ.

ಹಿಮಕ್ಕೆಂದು ಟಯರು ಕಂಡ ಬದಲಾವಣೆಗಳ ಚರಿತ್ರೆ ಸ್ವಾರಸ್ಯವಾಗಿದೆ. ಮೊದಲು ಬಂದದ್ದು ಸರಪಳಿ. ನ್ಯೂಯಾರ್ಕ್ ರಾಜ್ಯದ ಹ್ಯಾರಿ ವೀಡ್ ಎಂಬಾತನು ಕೆಸರಿನಲ್ಲಿ ಜಾರುವ ಕಾರಿನ ಗಾಲಿಗಳಿಗೆ ಜನರು ಹಗ್ಗವನ್ನೂ ಬಳ್ಳಿಯನ್ನೂ ಸುತ್ತುವುದನ್ನು ನೋಡಿ, ಅದರ ಬದಲು ಕಬ್ಬಿಣದ ಸರಪಳಿಯನ್ನು ಹೊದಿಸುವ ಉಪಾಯ ಮಾಡಿ 1904ರಲ್ಲಿ ಹಕ್ಕುಪತ್ರ ಪಡೆದನು. ಹಿಮದ ಸರಪಳಿಯ ಮೂಲವೂ ಕೆಸರೇ ಎಂಬುದನ್ನು ನಮ್ಮ ಎರೆ ಸೀಮೆಯವರು ಗಮನಿಸಬೇಕು. ಅದಕ್ಕೆ ಹೋಲುವ ವಸ್ತು ನಮ್ಮಲ್ಲಿಯೂ ಇದೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಕೇಜ್ ವೀಲನ್ನು ನೀವೆಲ್ಲ ನೋಡಿದ್ದೀರಿ. ಗದ್ದೆಯಲ್ಲಿ ಅದು ವರ, ಡಾಂಬರು ರಸ್ತೆಗೆ ಬಂದರೆ ರಸ್ತೆಯನ್ನೇ ಕಿತ್ತುಹಾಕುತ್ತದೆ. ಸರಪಳಿಯೂ ಹಾಗೆಯೇ. ಗಟ್ಟಿಯಾಗಿ ಹಿಮ ಮುಚ್ಚಿದ ದಾರಿಯಲ್ಲಿ ಮಾತ್ರ ಅದನ್ನು ತೊಡಿಸಬೇಕು, ಇಂಜಿನ್ನಿನ ಶಕ್ತಿ ಹೋಗುವ ಗಾಲಿಗಳಿಗೆ ತೊಡಿಸಬೇಕು, ಗಂಟೆಗೆ 50 ಕಿಲೋಮೀಟರನ್ನು ಮೀರದೆ ಓಡಿಸಬೇಕು, ಬರಿಯ ರಸ್ತೆ ಕಂಡೊಡನೆ ಬಿಚ್ಚಬೇಕು. ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಬಹುತೇಕ ಎಲ್ಲದಕ್ಕೂ ಶಕ್ತಿ ಹೋಗುವುದು ಮುಂದಿನ ಗಾಲಿಗಳಿಗೆ. ಮನಾಲಿಗೆ ಹೋಗುವವರು ಇದನ್ನು ತಿಳಿದಿರಬೇಕು.

ಮುಂದಿನ ಹೆಜ್ಜೆ ಟಯರಿನ ಮೈಯಲ್ಲಿ ಸಣ್ಣ ಸಣ್ಣ ಸೀಳುಗಳನ್ನು ಮಾಡುವುದು. 1920ರ ದಶಕದಲ್ಲಿ ಇದಕ್ಕೆ ಹಕ್ಕುಪತ್ರ ಪಡೆದವನು ಜಾನ್ ಸೈಪ್. ಕಸಾಯಿಖಾನೆಯ ಒದ್ದೆ ನೆಲದಲ್ಲಿ ಜಾರದಿರಲೆಂದು ತನ್ನ ಪಾದರಕ್ಷೆಯ ಅಟ್ಟೆಗೆ ಸೀಳು ಹಾಕಿದಾಗ ಅವನಿಗೆ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಇಂದಿಗೂ ಆ ಸೀಳುಗಳಿಗೆ ಸೈಪ್ ಎಂದೇ ಹೆಸರು. 1934ರಲ್ಲಿ ಫಿನ್ಲೆಂಡಿನ ಕಾರ್ಖಾನೆಯೊಂದು ಲಾರಿಗಳಿಗಾಗಿ ಚಳಿಗಾಲದ ಟಯರನ್ನು ತಯಾರಿಸಿತು. ಅದೇ ಕಾರ್ಖಾನೆ 1936ರಲ್ಲಿ ಕಾರುಗಳಿಗೆ ಹಕ್ಕಪೆಲಿಟ್ಟ ಎಂಬ ಟಯರನ್ನು ಹೊರತಂದಿತು. ನೋಕಿಯನ್ ಎಂಬ ಹೆಸರಿನಲ್ಲಿ ಆ ಪರಂಪರೆ ಇಂದಿಗೂ ಮುಂದುವರಿದಿದೆ. ಆಮೇಲೆ ಟಯರಿಗೆ ಲೋಹದ ಮೊಳೆಗಳನ್ನು ನೆಡುವ ಪದ್ಧತಿ 1960ರ ದಶಕದಲ್ಲಿ ಹರಡಿತು. ಹಿಡಿತವೇನೋ ಚೆನ್ನಾಗಿತ್ತು, ಆದರೆ ರಸ್ತೆಗಳು ಸವೆದು ಧೂಳೆದ್ದಿತು. ಜರ್ಮನಿ 1975ರಲ್ಲಿ ಅದನ್ನು ನಿಷೇಧಿಸಿತು. ಜಪಾನಿನ ಊರುಗಳಲ್ಲಿ ಮೊಳೆಗಳಿಂದೆದ್ದ ಧೂಳು ಆರೋಗ್ಯಕ್ಕೇ ಕಂಟಕವಾಗಿ 1990ರಲ್ಲಿ ಅಲ್ಲಿಯೂ ಕಾನೂನು ಬಂದಿತು. ಅಷ್ಟರಲ್ಲಿ ಮೊಳೆಯಿಲ್ಲದೆಯೇ, ಮೃದುವಾದ ರಬ್ಬರು ಮತ್ತು ಸೀಳುಗಳ ಬಲದಿಂದ ಮಂಜುಗಡ್ಡೆಯನ್ನು ಹಿಡಿಯುವ ಟಯರುಗಳು ಬಂದಿದ್ದವು. ಬ್ರಿಡ್ಜ್‌ಸ್ಟೋನ್ ಕಂಪನಿಯ ಬ್ಲಿಜ್ಜಾಕ್ ಜಪಾನಿನಲ್ಲಿ 1988ರಲ್ಲಿ ಹೊರಬಂದಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎರೆ ಮಣ್ಣಿನಲ್ಲಿ ಪಳಗಿದವರ ತಿಳಿವಳಿಕೆ ಹಿಮಕ್ಕೆ ಬಹುಮಟ್ಟಿಗೆ ಸಲ್ಲುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಕೆಸರಿನಲ್ಲಿ ಟಯರಿನ ಹಳ್ಳಗಳಲ್ಲಿ ಮಣ್ಣು ತುಂಬಿಕೊಂಡರೆ ಟಯರು ಬೋಳಾದಂತೆಯೇ ಸರಿ. ಆದ್ದರಿಂದಲೇ ಟ್ರ್ಯಾಕ್ಟರಿನ ಟಯರಿಗೆ ದೊಡ್ಡ ಉಬ್ಬುಗಳು, ಅವುಗಳ ನಡುವೆ ಅಗಲವಾದ ಜಾಗ. ತಿರುಗುವಾಗ ಮಣ್ಣು ತಾನಾಗಿಯೇ ಸಿಡಿದುಹೋಗಬೇಕು. ಹಿಮದಲ್ಲಿ ಇದಕ್ಕೆ ವಿರುದ್ಧ. ಹಿಮವು ಹಿಮಕ್ಕೆ ಅಂಟುತ್ತದೆ. ಮಕ್ಕಳು ಹಿಮವನ್ನು ಉಂಡೆ ಕಟ್ಟುವುದು ಈ ಗುಣದಿಂದಲೇ. ಚಳಿಗಾಲದ ಟಯರಿನ ಸೀಳುಗಳು ತುಸು ಹಿಮವನ್ನು ತಮ್ಮಲ್ಲಿ ಹಿಡಿದಿಟ್ಟುಕೊಂಡು, ಆ ಹಿಮದಿಂದ ರಸ್ತೆಯ ಹಿಮವನ್ನು ಹಿಡಿಯುತ್ತವೆ. ಇನ್ನೊಂದು ವ್ಯತ್ಯಾಸ ಗಾಳಿಯದು. ಉಸುಕಿನಲ್ಲಿ, ಕೆಸರಿನಲ್ಲಿ ಸಿಕ್ಕಿದಾಗ ಟಯರಿನ ಗಾಳಿಯನ್ನು ತುಸು ಬಿಡುವ ರೂಢಿಯುಂಟು. ಹಿಮದ ರಸ್ತೆಯಲ್ಲಿ ಹಾಗೆ ಮಾಡಬಾರದು, ಕಾರಿನ ತಯಾರಕರು ಹೇಳಿದಷ್ಟೇ ಗಾಳಿ ಇರಬೇಕು. ಚಳಿಯಲ್ಲಿ ಗಾಳಿಯ ಒತ್ತಡ ತಾನಾಗಿಯೇ ಇಳಿಯುತ್ತದೆ, ತಾಪಮಾನ 5-6 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ. ಅಕ್ಟೋಬರಿನಲ್ಲಿ ತುಂಬಿಸಿದ್ದನ್ನು ಜನವರಿಯವರೆಗೆ ನಂಬಿ ಕೂರಬಾರದು. ಡಿಕ್ಕಿಯಲ್ಲಿ ಭಾರ ಹೇರಿದರೆ ಹಿಡಿತ ಹೆಚ್ಚುತ್ತದೆಂಬ ನಂಬಿಕೆಯೂ ಹಿಂದಿನ ಗಾಲಿಗೆ ಶಕ್ತಿ ಹೋಗುವ ಗಾಡಿಗೆ ಮಾತ್ರ ತಕ್ಕಮಟ್ಟಿಗೆ ಸಲ್ಲುತ್ತದೆ. ಮುಂದಿನ ಗಾಲಿಯ ಕಾರಿಗೆ ಅದರಿಂದ ಕೆಡುಕೇ ಹೆಚ್ಚು.

ಈಗ ಆ ನಾಲ್ಕು ಗಾಲಿಯ ಪ್ರಶ್ನೆಗೆ ಬರೋಣ. ನಾಲ್ಕು ಗಾಲಿಗೂ ಶಕ್ತಿ ಹೋದರೆ ನಿಂತ ಗಾಡಿ ಕದಲುವುದಕ್ಕೂ ಏರು ಹತ್ತುವುದಕ್ಕೂ ಅನುಕೂಲವೇ, ಸಂದೇಹವಿಲ್ಲ. ಆದರೆ ನಿಲ್ಲುವಾಗ? ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಗಾಲಿಗೇ ಇದೆ. ನಿಲ್ಲಿಸುವುದು ಇಂಜಿನ್ ಅಲ್ಲ, ಟಯರು ಮತ್ತು ನೆಲದ ನಡುವಿನ ಹಿಡಿತ. ಹೈಸ್ಕೂಲಿನ ಭೌತಶಾಸ್ತ್ರದ ಲೆಕ್ಕವನ್ನು ನೆನಪಿಸಿಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಒಣ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ 0.7 ಎಂದಿಟ್ಟುಕೊಂಡರೆ ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಸುಮಾರು 14 ಮೀಟರು ಬೇಕು. ತುಳಿದು ಗಟ್ಟಿಯಾದ ಹಿಮದ ಮೇಲೆ 0.2 ಎಂದರೆ ಸುಮಾರು 49 ಮೀಟರು. ಮಂಜುಗಡ್ಡೆಯ ಮೇಲೆ 0.1 ಎಂದರೆ ಸುಮಾರು 98 ಮೀಟರು! ಈ ಲೆಕ್ಕದಲ್ಲಿ ಕಾರಿನ ತೂಕವೂ ಬರುವುದಿಲ್ಲ, ಇಂಜಿನ್ನಿನ ಬಲವೂ ಬರುವುದಿಲ್ಲ, ಬೆಲೆಯಂತೂ ಬರುವುದೇ ಇಲ್ಲ. ಬರುವುದು ಎರಡೇ, ಹಿಡಿತ ಮತ್ತು ವೇಗ. ವೇಗವನ್ನು ಅರ್ಧಕ್ಕಿಳಿಸಿದರೆ ದೂರ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ಹಿಮದ ಮೇಲೆ ಗಂಟೆಗೆ 25 ಕಿಲೋಮೀಟರಿನಲ್ಲಿ ಹೋಗುವ ಕಾರು ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ಒಣ ರಸ್ತೆಯಲ್ಲಿ 50ರ ವೇಗದಲ್ಲಿ ನಿಲ್ಲುವುದಕ್ಕಿಂತಲೂ ಇದು ಕಡಿಮೆ. ನಿಧಾನವೇ ಪ್ರಧಾನವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಬೇರೆ ಸಿಕ್ಕಿಲ್ಲ.

ನಾಲ್ಕು ಗಾಲಿಯ ಗಾಡಿಯಿಂದ ಆಗುವ ಅಪಾಯವೂ ಇಲ್ಲಿಯೇ ಅಡಗಿದೆ. ಅದು ಸಲೀಸಾಗಿ ಹೊರಡುವುದರಿಂದ ಚಾಲಕನಿಗೆ ನೆಲ ಜಾರುತ್ತಿರುವುದೇ ತಿಳಿಯುವುದಿಲ್ಲ. ತಿಳಿಯುವುದು ಬ್ರೇಕು ಒತ್ತಿದಾಗ. ಆದ್ದರಿಂದ ನನ್ನ ಉತ್ತರ ಇಷ್ಟೆ. ಸಾಧಾರಣ ಕಾರು ಸಾಕು, ಆದರೆ ಅದಕ್ಕೆ ನಾಲ್ಕೂ ಗಾಲಿಗೆ ಒಂದೇ ಬಗೆಯ ಚಳಿಗಾಲದ ಟಯರುಗಳಿರಲಿ. ಮುಂದಕ್ಕೆ ಎರಡು ಒಳ್ಳೆಯವು, ಹಿಂದಕ್ಕೆ ಎರಡು ಹಳೆಯವು ಹಾಕಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಕಾರೇ ತಿರುಗಿ ನಿಲ್ಲಬಹುದು. ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿತ್ರವಿರುವ ಟಯರನ್ನೇ ಕೇಳಿ ಪಡೆಯಿರಿ, ಅದು ಹಿಮದಲ್ಲಿ ಪರೀಕ್ಷೆಗೊಳಗಾದ ಗುರುತು. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಚಳಿಗಾಲದ ರಸ್ತೆಗೆ ಈ ಗುರುತೇ ಬೇಕು, ಬರಿಯ ಎಂ ಪ್ಲಸ್ ಎಸ್ ಅಕ್ಷರಗಳು ಸಾಲವು. ಕೆನಡಾದ ಕ್ವಿಬೆಕ್ ಪ್ರಾಂತ್ಯ 2008ರಿಂದ ಚಳಿಗಾಲದ ಟಯರನ್ನು ಕಡ್ಡಾಯ ಮಾಡಿದೆ. ಸವೆತದ ವಿಷಯದಲ್ಲಿಯೂ ಜಿಪುಣತನ ಸಲ್ಲದು. ನಮ್ಮ ಕಾನೂನು 1.6 ಮಿಲಿಮೀಟರ್ ಆಳವಿದ್ದರೆ ಸಾಕೆನ್ನುತ್ತದೆ. ಆಸ್ಟ್ರಿಯಾದಲ್ಲಿ 4 ಮಿಲಿಮೀಟರಿಗಿಂತ ಸವೆದ ಟಯರನ್ನು ಚಳಿಗಾಲದ ಟಯರೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಯಂತ್ರಗಳ ನೆರವೂ ಬಂದಿದೆ. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಕಾರುಗಳಲ್ಲಿ ಬಂದಿತು. ಬ್ರೇಕು ಒತ್ತಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ಅದು ಕ್ಷಣಕ್ಷಣಕ್ಕೂ ಹಿಡಿದು ಬಿಡುತ್ತದೆ. ಆಗ ಕಾಲಿನ ಕೆಳಗೆ ಪೆಡಲು ನಡುಗಿದಂತಾಗುತ್ತದೆ. ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಹಿಡಿದು ಸ್ಟಿಯರಿಂಗನ್ನು ಹೋಗಬೇಕಾದ ಕಡೆಗೆ ತಿರುಗಿಸಬೇಕು. 1995ರಲ್ಲಿ ಕಾರು ಅಡ್ಡ ಜಾರದಂತೆ ತಡೆಯುವ ಇಎಸ್‌ಪಿ ಬಂದಿತು. ಆದರೆ ಇವೆಲ್ಲ ಇರುವ ಹಿಡಿತವನ್ನು ಚೆನ್ನಾಗಿ ಬಳಸುತ್ತವೆಯೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರವು. ರಸ್ತೆಗೆ ಉಪ್ಪು ಚೆಲ್ಲುವ ಪದ್ಧತಿಯೂ ಅಷ್ಟೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯ 1938ರಲ್ಲಿ ಅದನ್ನು ಮೊದಲುಮಾಡಿತು. ತಾಪಮಾನ ಸೊನ್ನೆಗಿಂತ ಸುಮಾರು 9-10 ಡಿಗ್ರಿ ಕೆಳಗಿಳಿದರೆ ಉಪ್ಪಿನ ಪ್ರಭಾವ ಬಹಳ ಕುಗ್ಗುತ್ತದೆ. ಆಗ ಅಲ್ಲಿಯವರು ಮರಳಿನ ಮೊರೆ ಹೋಗುತ್ತಾರೆ, ಕೊಟ್ಟೂರಿನ ಉಗಿಬಂಡಿಯ ಚಾಲಕನಂತೆಯೇ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಹಿಮದಲ್ಲಿ ಪ್ರಾಣ ಹೋಗುವುದು ಜಾರಿ ಡಿಕ್ಕಿಯಾಗುವುದರಿಂದ ಮಾತ್ರವಲ್ಲ, ಸಿಕ್ಕಿ ನಿಂತ ಕಾರಿನಲ್ಲಿಯೂ ಹೋಗುತ್ತದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರಿ ಗಿರಿಧಾಮದಲ್ಲಿ ಹಿಮ ನೋಡಲು ಹೋದ ಪ್ರವಾಸಿಗಳ ಸಾವಿರಾರು ಕಾರುಗಳು ರಾತ್ರಿಯಿಡೀ ಸಿಕ್ಕಿಕೊಂಡು, ಮಕ್ಕಳೂ ಸೇರಿ ಕನಿಷ್ಠ 22 ಮಂದಿ ತಮ್ಮ ಕಾರುಗಳಲ್ಲಿಯೇ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಬಫಲೋ ನಗರದ ಹಿಮಗಾಳಿಯಲ್ಲಿ ಸತ್ತವರಲ್ಲಿಯೂ ಕೆಲವರು ಕಾರಿನಲ್ಲಿ ಸಿಕ್ಕಿದವರು. ಚಳಿ ಒಂದು ಕಾರಣವಾದರೆ ಹೊಗೆ ಇನ್ನೊಂದು. ಬಿಸಿಗಾಗಿ ಇಂಜಿನನ್ನು ಓಡಿಸುತ್ತಾ ಕುಳಿತಾಗ ಹೊಗೆಕೊಳವೆಯ ಬಾಯನ್ನು ಹಿಮ ಮುಚ್ಚಿಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆ ಬಂದಂತಾಗಿ ಮನುಷ್ಯ ಏಳುವುದೇ ಇಲ್ಲ. ಆದ್ದರಿಂದ ಸಿಕ್ಕಿಕೊಂಡರೆ ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಿರಿ. ಇಂಜಿನನ್ನು ಗಂಟೆಗೆ ಹತ್ತು ನಿಮಿಷದಷ್ಟು ಮಾತ್ರ ಓಡಿಸಿರಿ, ಪ್ರತಿ ಸಲವೂ ಕೊಳವೆಯನ್ನು ನೋಡಿಕೊಳ್ಳಿರಿ. ಗಾಳಿಗೆ ಎದುರಲ್ಲದ ಕಡೆಯ ಕಿಟಕಿಯನ್ನು ಬೆರಳಗಲ ತೆರೆದಿಡಿ. ಎದುರಿಗೆ ಮನೆಯೋ ಅಂಗಡಿಯೋ ಕಾಣದಿದ್ದರೆ ಕಾರನ್ನು ಬಿಟ್ಟು ನಡೆಯಬೇಡಿ. ಹೊರಡುವ ಮುನ್ನವೇ ಕಂಬಳಿ, ಕುಡಿಯುವ ನೀರು, ತಿನ್ನಲು ಏನಾದರೂ, ಒಂದು ಸಲಿಕೆ, ಒಂದು ಚೀಲ ಮರಳು, ಫೋನಿನ ಚಾರ್ಜರು ಕಾರಿನಲ್ಲಿರಲಿ.

ನಮ್ಮ ದೇಶದಲ್ಲಿಯೇ 2020ರ ಅಕ್ಟೋಬರ್ 3ರಂದು ರೋಹ್ತಾಂಗಿನ ಕೆಳಗೆ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲಿಯೂ ಲಾಹೌಲ್ ಕಣಿವೆಗೆ ಹೋಗುವುದು ಸುಲಭವಾಗಿದೆ. ಸುಲಭವಾದುದರಿಂದಲೇ ಜನ ಮುಗಿಬೀಳುತ್ತಾರೆ. 2024ರ ಡಿಸೆಂಬರಿನಲ್ಲಿ ಸೋಲಾಂಗ್ ಮತ್ತು ಆ ಸುರಂಗದ ನಡುವೆ ಸುಮಾರು ಸಾವಿರ ವಾಹನಗಳು ಹಿಮದಲ್ಲಿ ಸಿಕ್ಕಿಕೊಂಡು ಪೊಲೀಸರು ಪ್ರವಾಸಿಗಳನ್ನು ಇಳಿಸಿ ತರಬೇಕಾಯಿತು. ಹೊಸಪೇಟೆಯ ಬಿಸಿಲಿಗೆಂದು ಕೊಂಡ ಟಯರುಗಳೊಂದಿಗೆ ಅಲ್ಲಿಗೆ ಹೋಗುವ ನಮ್ಮ ಹುಡುಗರು, ಸ್ಥಳೀಯ ಪೊಲೀಸರು "ಮುಂದೆ ಬೇಡ" ಎಂದಾಗ ವಾದಕ್ಕಿಳಿಯದೆ ಹಿಂದಿರುಗಬೇಕು. ಅಲ್ಲಿಯ ಟ್ಯಾಕ್ಸಿಯವರಿಗೆ ಆ ದಾರಿಯ ಒಂದೊಂದು ತಿರುವೂ ಗೊತ್ತು. ಕಾರನ್ನು ಮನಾಲಿಯಲ್ಲಿ ಬಿಟ್ಟು ಅವರೊಂದಿಗೆ ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ಸೊಪ್ಪೆ, ಮರಳು, ಜಲ್ಲಿ, ರಬ್ಬರು, ಸರಪಳಿ, ಸೀಳು ಎಂದು ಮನುಷ್ಯ ಹಿಡಿತಕ್ಕಾಗಿ ಮಾಡಿದ ಉಪಾಯಗಳು ಬೆಳೆಯುತ್ತಲೇ ಬಂದಿವೆ. ಅವುಗಳಲ್ಲಿ ನಿಮ್ಮ ಊರಿಗೆ ತಕ್ಕದ್ದನ್ನು ಬಳಸಿಕೊಳ್ಳಿ, ಖರ್ಚಿಗೆ ಹಿಂಜರಿಯಬೇಡಿ. ಆದರೆ ಮಳೆಗಾಲದಲ್ಲಿ ಬಂಡಿ ಕಟ್ಟದೆ ಮಾಘದವರೆಗೆ ಕಾದ ನಮ್ಮ ಹಿರಿಯರ ಉಪಾಯ ಇಂದಿಗೂ ಹಳತಾಗಿಲ್ಲ. ಹವಾಮಾನದವರು ಹಿಮಗಾಳಿಯ ಎಚ್ಚರಿಕೆ ಕೊಟ್ಟ ದಿನ ಮನೆಯಿಂದಲೇ ಕೆಲಸ ಮಾಡಿರಿ, ಇಲ್ಲವೇ ಒಂದು ದಿನದ ರಜೆ ಕೇಳಿರಿ. ಹೊರಡಲೇಬೇಕಾದರೆ ಅರ್ಧ ಗಂಟೆ ಮೊದಲು ಹೊರಡಿ, ಮುಂದಿನ ಗಾಡಿಯಿಂದ ದೂರವಿರಿ, ಮುಟ್ಟಿದ ಮೇಲೆ ಊರಿಗೆ ಒಂದು ಸಂದೇಶ ಕಳುಹಿಸಿ. ಇಲ್ಲಿ ನಿಮ್ಮ ತಾಯ್ತಂದೆಯರು ಅದಕ್ಕಾಗಿ ನಿದ್ದೆಗೆಟ್ಟು ಕಾದಿರುತ್ತಾರೆ.